ಬಚ್ಚಲೊಲೆಯ ಗಿನಿಕೋಳಿಗಳು

ಕಸ್ತೂರಮ್ಮ ಹಿತ್ತಲಿನಿಂದ ಒದ್ದೆ ಸೀರೆಯಲ್ಲೇ ಓಡಿ ಬಂದ ದಿನದಿಂದ ಅವಳ ಗಂಡ ಕರಿಬಸವರಾಜನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಚ್ಚಲುಮನೆಗೂ ಹತ್ತಿಕಟ್ಟಿಗೆಯ ಒಟ್ಟಿಲಿಗೂ ನಡುವೆ ನಾಗರಹಾವು ಹೆಡೆಯೆತ್ತಿ ನಿಂತಿತ್ತು. ಅವಳಿಗಾಗ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಹೇಗೂ ಇತ್ತು. ಕರೆದೊಯ್ಯಲು ಹರಿಹರದಿಂದ ಬಂದ ಅವಳ ಅಪ್ಪ, ಜೋಳದ ವ್ಯಾಪಾರಿ ತೋಟಪ್ಪ, ಹೊಸ್ತಿಲು ದಾಟುವ ಮುಂಚೆ ಅಳಿಯನ ಕಡೆ ತಿರುಗಿದರು.

"ಅಲ್ಲಾ, ನಾನೊಂದ್ ಮಾತ್ ಕೇಳ್ತೀನಿ. ಹಾವಿರೋ ಮನಿಗೆ ಯಾರಾದ್ರೂ ಕೂಸಿನ್ನ ಕಳಿಸ್ತಾರೇನ್ರಿ? ಅದು ಹೋತು ಅಂತ ನನ್ನ ಮನಸಿಗೆ ಬರಬೇಕು. ಆಮ್ಯಾಲೆ ತಾಯಿ, ಮಗು. ಏನಂತೀರಿ?"

ಮಾವನ ಎದುರು ಕರಿಬಸವರಾಜ ಬಾಯಿ ಬಿಡುವುದೇ ಕಡಿಮೆ. ಅದಕ್ಕೊಂದು ಕಾರಣವಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಬಾಗಿಲ ಹೊರಗಿಂದ ಕೆಮ್ಮಿ ಇಡೀ ಕ್ಲಾಸನ್ನು ಎದ್ದು ನಿಲ್ಲಿಸಿದ ಗಂಟಲು ಅವನದು. ಬಿ.ಎ. ಪಾಸಾಗಿ ದಾವಣಗೆರೆಯ ಹತ್ತಿ ಮಂಡಿಯಲ್ಲಿ ಗುಮಾಸ್ತನಾದ ಮೇಲೂ ಆ ಗಂಟಲಿಗೆ ಬುದ್ಧಿ ಬಂದಿರಲಿಲ್ಲ. ಮದುವೆಯ ದಿನ ಚಪ್ಪರದ ಹಿಂದೆ ಗೆಳೆಯರ ಮುಂದೆ "ಅಲ್ಲಾ, ನಾನೊಂದ್ ಮಾತ್ ಕೇಳ್ತೀನಿ" ಎಂದು ಶುರು ಮಾಡಿದವನು, ಗೆಳೆಯರೆಲ್ಲ ಒಮ್ಮೆಗೇ ಗಂಭೀರರಾದದ್ದು ನೋಡಿ ಹಿಂದೆ ತಿರುಗಿದರೆ ಆ ಮಾತಿನ ಅಸಲು ಯಜಮಾನರೇ ನಿಂತಿದ್ದರು. ಅಳಿಯದೇವ್ರ ಗಂಟಲು ಬಾಡಿಗೆದು ಕಾಣತೈತೆ ಎಂದಷ್ಟೇ ಅಂದು ತೋಟಪ್ಪ ಊಟದ ಪಂಕ್ತಿಯ ಕಡೆ ನಡೆದಿದ್ದರು. ಅಂದಿನಿಂದ ಅವರ ಮುಂದೆ ಅವನು ತನ್ನ ಸ್ವಂತ ದನಿಯನ್ನು ಬಿಟ್ಟರೆ ಬೇರೆ ದನಿ ತೆಗೆಯುವುದಿಲ್ಲವೆಂದು ಆಣೆ ಮಾಡಿಕೊಂಡಿದ್ದ.

ಹಾವನ್ನು ಹೊಡೆಯುವಂತಿರಲಿಲ್ಲ. ಬಸುರಿಯ ಗಂಡ ಹಾವಿನ ಮೇಲೆ ಕೋಲೆತ್ತಬಾರದು, ಎತ್ತಿದರೆ ಹುಟ್ಟುವ ಕೂಸಿಗೆ ಕೇಡು ಎಂದು ತಾಯಿ ಗುರುಶಾಂತಮ್ಮ ಮನೆಯ ಕೋಲನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದಳು. ಬೇರೆಯವರಿಂದ ಹೊಡೆಸಿದರೂ ಲೆಕ್ಕ ಅದೇ. ಹಾವಾಡಿಗನನ್ನು ಕರೆಸಿದ್ದಾಯಿತು. ಅವನು ಹಿತ್ತಲಲ್ಲಿ ಪುಂಗಿ ಊದಿ, ಬುಟ್ಟಿಯೊಳಗೆ ತಾನೇ ತಂದಿದ್ದ ಹಾವನ್ನು ಹಿಡಿದಂತೆ ಮಾಡಿ ತೋರಿಸಿ, ಅಕ್ಕಿ ಇಸಿದುಕೊಂಡು ಹೋದ. ಮಾರನೆಯ ದಿನ ಒಟ್ಟಿಲಿನ ಬುಡದಲ್ಲಿ ಹಾವಿನ ಪೊರೆ ಹೊಸದಾಗಿ ಬಿದ್ದಿತ್ತು.

ದಾರಿ ತೋರಿಸಿದವಳು ಹಿತ್ತಲ ಗೋಡೆಯಾಚೆಯ ಮಾಬೂಬೀ. ಅವಳ ತಮ್ಮ ಮುನಾಫ್ ಸ್ಟೇಷನ್ನಿನ ಹತ್ತಿರ ಜಟಕಾ ಓಡಿಸುತ್ತಿದ್ದ. ಚುಕ್ಕೆ ಮೈಯ ಗಿನಿಕೋಳಿ ಇದ್ದ ಕಡೆ ಹಾವು ನಿಲ್ಲುವುದಿಲ್ಲ, ಕಂಡರೆ ಸಾಕು ಸುತ್ತ ನಿಂತು ಊರೆಲ್ಲ ಒಂದು ಮಾಡುತ್ತವೆ ಎಂದು ಅವನೇ ಹೇಳಿ, ಹರಿಹರದ ಒಂದು ಬಂಗಲೆಯ ಅಡಿಗೆಯವನಿಂದ ಬೊಗಸೆ ಮೊಟ್ಟೆ ತಂದುಕೊಟ್ಟ. ಲಿಂಗವಂತರ ಮನೆಗೆ ಮೊಟ್ಟೆ ಹೋಗುವುದುಂಟೇ? ಮಾಬೂಬೀಯ ಕೋಳಿ ಆಗಲೇ ತನ್ನ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಅದರ ಬುಟ್ಟಿಗೇ ಇವನ್ನೂ ಸೇರಿಸಿ, ಗುಡುಗಿಗೆ ಕೆಡದಿರಲೆಂದು ಒಂದು ಇದ್ದಿಲ ತುಂಡು, ಒಂದು ಕಬ್ಬಿಣದ ಮೊಳೆ ಇಟ್ಟರು. ಒಳಗೆ ಕೋಳಿ ಕಾವು ಕೊಡುತ್ತಿತ್ತು, ಹೊರಗೆ ಕರಿಬಸವರಾಜ ಕಾಯುತ್ತಿದ್ದ. ಇಬ್ಬರಲ್ಲಿ ಕೋಳಿಗೇ ಹೆಚ್ಚು ತಾಳ್ಮೆ. ಮಂಡಿಯಿಂದ ಬಂದವನು ಅಂಗಿ ತೆಗೆಯುವ ಮುಂಚೆ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದ. ಅದು ಅವನನ್ನು ನೋಡಿ ಗೊರ್ರೆಂದರೆ ಅವನೂ ಅದೇ ಶ್ರುತಿಯಲ್ಲಿ ಗೊರ್ರೆನ್ನುತ್ತಿದ್ದ.

ಎಡವಟ್ಟಾದದ್ದು ಆ ಜೊತೆ ಕೂರಿಸಿದ್ದರಿಂದಲೇ. ಕೋಳಿಯ ಮೊಟ್ಟೆ ಮೂರು ವಾರಕ್ಕೆ ಒಡೆಯುತ್ತದೆ, ಗಿನಿಯದಕ್ಕೆ ಇನ್ನೂ ಒಂದು ವಾರ ಬೇಕು. ಮಾಬೂಬೀಗೆ ಅದು ಗೊತ್ತಿರಲಿಲ್ಲ. ಕರಿಬಸವರಾಜನಿಗಂತೂ ಮೊಟ್ಟೆಯ ಯಾವ ಸಂಗತಿಯೂ ಗೊತ್ತಿರಲಿಲ್ಲ. ತನ್ನ ಮರಿಗಳು ಹೊರಬಂದದ್ದೇ ಕೋಳಿ ಅವನ್ನು ಕಟ್ಟಿಕೊಂಡು ತಿಪ್ಪೆಗೆ ಹೊರಟಿತು. ಗಿನಿಯ ಮೊಟ್ಟೆಗಳು ಬುಟ್ಟಿಯಲ್ಲಿ ಆರುತ್ತ ಬಿದ್ದವು.

"ನನ್ ಕೋಳಿ ಅರ್ಧಕ್ಕೇ ಎದ್ಲು. ಕೋಳಿ ಕೂರ್ಸಿದೋರಿಗೆ ಅರ್ಧ ಮರಿ ಪಾಲು ಅಂತ ವಾಡಿಕೆ ಐತೆ, ನಂಗೆ ಪಾಲು ಬ್ಯಾಡ," ಎಂದಳು ಮಾಬೂಬೀ. "ಇನ್ನೂ ಬೆಚ್ಚಗದಾವೆ ಸ್ವಾಮಿ. ಯಾರಾದ್ರೂ ಕಾವು ಹಿಡಿಬೇಕು."

ಕರಿಬಸವರಾಜ ಮಂಡಿಗೆ ಓಡಿ, ಮಾದರಿಗೆಂದು ಇಟ್ಟಿದ್ದ ಅರಳೆಯನ್ನು ಒಂದು ಚೀಲ ತುಂಬಿ ತಂದ. ಮೊಟ್ಟೆಗಳನ್ನು ಅದರೊಳಗೆ ಹುದುಗಿಸಿ, ಅಡುಗೆಮನೆಯ ಬಾಗಿಲಲ್ಲಿ ತಾಯಿಯ ಮುಂದೆ ನಿಂತ. ಗುರುಶಾಂತಮ್ಮ ಚೀಲವನ್ನೂ ನೋಡಿದಳು, ಮಗನ ಮುಖವನ್ನೂ ನೋಡಿದಳು. ಇವು ಬದುಕಿದರೆ ಹಾವು ಹೋಗುತ್ತದೆ, ಹಾವು ಹೋದರೆ ಸೊಸೆ ಬರುತ್ತಾಳೆ ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅಡಿಗಿ ಮನಿ ಬ್ಯಾಡ, ದೇವರ ಮನಿ ಬ್ಯಾಡ. ಬಚ್ಚಲಾಗ ಹಂಡೆ ಒಲೆ ಪಕ್ಕ ಇಡು. ನಾನು ಮುಟ್ಟಂಗಿಲ್ಲ ನೋಡು."

ಮುಟ್ಟಲಿಲ್ಲ ನಿಜ. ಮರದ ಸೌಟಿನಿಂದ ಹೊರಳಿಸಿದಳು. ಒಲೆಯಲ್ಲಿ ಸದಾ ಬೂದಿ ಮುಚ್ಚಿದ ಕೆಂಡ ಇಟ್ಟು, ಹೊತ್ತು ಹೊತ್ತಿಗೆ ಒಂದೊಂದನ್ನೂ ಮಗ್ಗಲು ಬದಲಿಸಿದಳು. ಕೋಳಿಯೂ ಕೊಕ್ಕಿನಿಂದ ಹೀಗೇ ಹೊರಳಿಸುತ್ತದೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಯಾಕವ್ವ ಎಂದು ಮಗ ಕೇಳಿದ್ದಕ್ಕೆ, ಒಂದೇ ಮಗ್ಗಲು ಕಾದರೆ ರೊಟ್ಟಿಯೂ ಕೆಡುತ್ತದಲ್ಲ ಎಂದಳು. ಮೊದಲ ದಿನವೇ ಪ್ರತಿ ಮೊಟ್ಟೆಗೂ ವಿಭೂತಿ ಬಿದ್ದಿತ್ತು.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ಕರಿಬಸವರಾಜ ತಂಬಿಗೆ ಎತ್ತಿದವನು ಹಾಗೇ ನಿಂತ. ಅರಳೆಯೊಳಗೆ ಟಕ್ಕು ಟಕ್ಕು. ಸಂಜೆಯ ಹೊತ್ತಿಗೆ ಕಂದು ಪಟ್ಟೆಯ, ಕೆಂಪು ಕಾಲಿನ ಏಳೆಂಟು ಮರಿಗಳು ಹತ್ತಿಯ ಎಳೆ ಮೈಗೆಲ್ಲ ಅಂಟಿಸಿಕೊಂಡು ಬಚ್ಚಲ ತುಂಬ ಅಲೆಯತೊಡಗಿದವು. ಅವಕ್ಕೆ ತಾಯಿ ಎಂಬುದಿರಲಿಲ್ಲ. ಅವನು ಮಾಬೂಬೀಯ ಕೋಳಿಯ ದನಿ ತೆಗೆದು ಕ್ಲೊಕ್, ಕ್ಲೊಕ್ ಎಂದದ್ದೇ ತಡ, ಎಲ್ಲ ಬಂದು ಅವನ ಪಾದದ ಮೇಲೆ ಹತ್ತಿದವು. ಒಂದು ಮರಿ ನೀರಿನ ತಟ್ಟೆಯಲ್ಲಿ ಬಿದ್ದು ಸತ್ತ ಮೇಲೆ ತಟ್ಟೆಗೆ ಬೆಣಚುಕಲ್ಲು ತುಂಬಿದ. ಮುನಾಫ್ ಗೆದ್ದಲು ತಂದುಕೊಟ್ಟ. ಮನೆಯಿಂದ ಜೋಳದ ನುಚ್ಚು. ನುಚ್ಚಿನ ಗಡಿಗೆ ಅವನು ಹಾಕಿದ್ದಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಇಲಿ ಇರಬೇಕು ಅಂದುಕೊಂಡ.

ಮರಿಗಳಿಗೆ ರೆಕ್ಕೆ ಬಲಿಯುವ ಹೊತ್ತಿಗೆ ಹರಿಹರದಿಂದ ಹೆಣ್ಣುಮಗು ಹುಟ್ಟಿದ ಸುದ್ದಿಯ ಸಕ್ಕರೆ ಬಂತು. ಕರಿಬಸವರಾಜ ಭಾನುವಾರ ಭಾನುವಾರ ರೈಲು ಹತ್ತಿ ಹೋಗುತ್ತಿದ್ದ. ಮಗುವಿನ ಅಂಗೈಯಲ್ಲಿ ತನ್ನ ಬೆರಳಿಟ್ಟು ಕೂತರೆ ಪಡಸಾಲೆಯಿಂದ ಮಾವನ ಒಂದೇ ಪ್ರಶ್ನೆ ಬರುತ್ತಿತ್ತು, ಹಾವು? ಇತ್ತ ಕೋಳಿಗಳು ಬೂದುಬಣ್ಣಕ್ಕೆ ತಿರುಗಿ, ಮೈಮೇಲೆ ಬಿಳಿ ಚುಕ್ಕೆ ಮೂಡಿ, ಗಂಟಲು ಬಲಿತು, ನಾಯಿ ಸುಳಿದರೆ, ಅಂಚೆಯವನು ಬಂದರೆ, ಗಾಳಿಗೆ ಚಾಪೆ ಹೊರಳಿದರೆ ಗೋಡೆಯೇರಿ ಕೂಗತೊಡಗಿದವು. "ಬಂತಾ? ಬಂತಾ? ಬಂತಾ?" ಓಣಿಯವರಿಗೆಲ್ಲ ಅದು ಹಾಗೆಯೇ ಕೇಳಿಸುತ್ತಿತ್ತು. ಏನು ಬಂತಾ ಎಂದು ಮಂಡಿಯವರು ಅವನನ್ನು ಕೇಳಿ ನಗುತ್ತಿದ್ದರು.

ಕೊನೆಗೂ ಒಂದು ಮಧ್ಯಾಹ್ನ, ಅವನು ಮಂಡಿಯಲ್ಲಿದ್ದಾಗ, ಕೋಳಿಗಳು ಒಟ್ಟಿಲನ್ನು ಸುತ್ತುಗಟ್ಟಿದವು. ಹಾವು ಹೊರಬಂದು, ಹೆಡೆ ಬಿಚ್ಚಿ, ಆ ಗದ್ದಲಕ್ಕೆ ಬೇಸತ್ತಂತೆ ಮಡಚಿ, ಚರಂಡಿಯ ತೂತಿನಿಂದ ಹೊಲದ ಕಡೆ ಹೊರಟುಹೋಯಿತು. ನೋಡಿದವಳು ಗುರುಶಾಂತಮ್ಮ ಒಬ್ಬಳೇ. ಒಟ್ಟಿಲನ್ನು ತೆಗೆಸಿ ಹಿತ್ತಲನ್ನೆಲ್ಲ ಬಯಲು ಮಾಡಿದರು. ಆಮೇಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಮುಂದಿನ ಭಾನುವಾರ ಕರಿಬಸವರಾಜ ಇದನ್ನೆಲ್ಲ ಹರಿಹರದಲ್ಲಿ ಹೇಳುವಾಗ ಹುರುಪಿನಲ್ಲಿ ಆಣೆ ಮರೆತ. "ಹೋಗಪ್ಪಾ, ಎಲ್ಲ್ಯಾರ ತಣ್ಣಗಿರು" ಎಂದು ತಾಯಿ ಹಾವಿಗೆ ಕೈಮುಗಿದದ್ದು ತಾಯಿಯ ದನಿಯಲ್ಲೇ ಬಂದುಬಿಟ್ಟಿತು. ತೋಟಪ್ಪನವರ ಹುಬ್ಬು ಏರಿತು.

"ಅಲ್ಲಾ, ನಾನೊಂದ್ ಮಾತ್ ಕೇಳ್ತೀನಿ. ನೋಡಿದೋರು ನಿಮ್ಮವ್ವನಾ, ನಿಮ್ಮವ್ವನ ದನಿಯಾಗ ನೀವಾ?"

ತಾವೇ ಬಂದು ನೋಡುವುದಾಗಿ ಹೇಳಿದರು. ಮಗಳನ್ನೂ ಕೂಸನ್ನೂ ಕರೆತರುತ್ತಾರೆ. ಮನಸ್ಸಿಗೆ ಬಂದರೆ ಬಿಟ್ಟು ಹೋಗುತ್ತಾರೆ, ಬಾರದಿದ್ದರೆ ಸಂಜೆಯ ರೈಲಿಗೇ ವಾಪಸ್ಸು.

ಆ ದಿನ ಬೆಳಗಿನಿಂದ ಕರಿಬಸವರಾಜ ಬಾಗಿಲಿಗೂ ಹಿತ್ತಲಿಗೂ ಎಷ್ಟು ಸಲ ಎಡತಾಕಿದನೋ. ಮುನಾಫನ ಜಟಕಾ ಓಣಿಯ ತಿರುವಿನಲ್ಲಿ ಕಂಡದ್ದೇ ಕೋಳಿಗಳು ಮುಂಬಾಗಿಲ ಕಟ್ಟೆಗೆ ಹಾರಿ ಸಾಲಾಗಿ ನಿಂತು, ಬಂತಾ ಬಂತಾ ಎಂದು ಒಂದೇ ಸಮ ಅರಚಿದವು. ಕುದುರೆ ಕಿವಿ ನಿಮಿರಿಸಿ ಹಿಂದೆ ಸರಿಯಿತು. ಮಗು ಬೆಚ್ಚಿ ಅಳತೊಡಗಿತು. ಕಸ್ತೂರಮ್ಮ ಸೆರಗಿನಿಂದ ಅದರ ಕಿವಿ ಮುಚ್ಚಿ ಗಂಡನನ್ನು ನೋಡಿದಳು. ತೋಟಪ್ಪ ಕೆಳಗಿಳಿಯಲೇ ಇಲ್ಲ.

"ಹಾವಾದ್ರೂ ಸುಮ್ನಿರ್ತಿತ್ತು," ಎಂದರು. "ಗಾಡಿ ತಿರುಗ್ಸಪ್ಪಾ."

ಮುನಾಫ್ ಲಗಾಮು ಎಳೆದ. ಕರಿಬಸವರಾಜನಿಗೆ ಉಳಿದಿದ್ದು ಒಂದೇ ದಾರಿ, ಮಾವನ ಕಣ್ಣೆದುರು, ಹಗಲಿನಲ್ಲಿ, ಬೀದಿಯ ನಡುವೆ ಕೋಳಿಯಾಗುವುದು. ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ಹೊರಬಂದದ್ದು ಕೋಳಿಯಲ್ಲ, ಯಾರೋ ‘ಅಲ್ಲಾ, ನಾನೊಂದ್ ಮಾತ್’ ಎನ್ನುವ ಮುಂಚೆ ಕೆಮ್ಮಿಕೊಂಡ ಹಾಗಿತ್ತು. ಆ ಯಾರೋ ಯಾರೆಂಬುದು ಜಟಕಾದಲ್ಲಿದ್ದವರಿಗೆಲ್ಲ ತಿಳಿಯಿತು. ಕೋಳಿಗಳು ಇನ್ನೂ ಜೋರು ಮಾಡಿದವು.

ಆಗ ಹೊಸ್ತಿಲ ಕಡೆಯಿಂದ ಕೇಳಿಸಿತು. "ಕ್ಲೊಕ್. ಕ್ಲೊಕ್, ಕ್ಲೊಕ್."

ತುಂಬಿದ, ದುಂಡಗಿನ, ಎಂಟು ಬುಟ್ಟಿ ಮರಿ ಮಾಡಿದ ಹಳೆಯ ಕೋಳಿಯ ದನಿ. ಗುರುಶಾಂತಮ್ಮ ತಲೆಯ ಮೇಲೆ ಸೆರಗು, ಹಣೆಯ ತುಂಬ ವಿಭೂತಿ, ಕೈಯಲ್ಲಿ ನುಚ್ಚಿನ ಗಡಿಗೆ ಹಿಡಿದು ನಿಂತಿದ್ದಳು. ಕೋಳಿಗಳು ಕಟ್ಟೆಯಿಂದ ಧುಮುಕಿ ಅವಳ ಕಾಲಿಗೆ ಸುತ್ತಿಕೊಂಡವು. ಕೂಗು ನಿಂತಿತು. ಮಗುವೂ ಅಳು ನಿಲ್ಲಿಸಿತು.

"ಮಗ ಮಂಡಿಗೆ ಹೋದ್ರೆ ದಿನಾ ಇವನ್ನ ಯಾರು ಕರೀತಾರೆ ಬೀಗರೆ," ಎಂದಳು. "ಇಳೀರಿ. ಕೂಸಿಗೆ ಬಿಸಿಲಾಗತೈತೆ. ಹಾವು ಹೋದದ್ದು ನಾನು ಹೇಳ್ತೀನಿ ಕೂಡ್ರಿ."

ಪಡಸಾಲೆಯಲ್ಲಿ ಕೂತು ಅವಳು ಹೇಳಿದಳು. ಹಾವು ಬುಸುಗುಟ್ಟಿದ್ದು, ಕೋಳಿಗಳು ಕಿರುಚಿದ್ದು, ಗೋಡೆಯಾಚೆಯಿಂದ ಮಾಬೂಬೀ ಏನಾತು ಅಮ್ಮಾರೆ ಎಂದು ಕೂಗಿದ್ದು, ಎಲ್ಲವೂ ಅವರವರ ದನಿಯಲ್ಲೇ ಬಂತು. ತೋಟಪ್ಪ ಬಾಯಿ ತೆರೆದುಕೊಂಡೇ ಕೇಳುತ್ತಿದ್ದರು. ಅಲ್ಲಾ, ನಾನೊಂದ್ ಮಾತ್, ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಕೇಳುವುದೇನೂ ಉಳಿದಿರಲಿಲ್ಲ. ಅಳಿಯನ ಕಡೆ ತಿರುಗಿ, "ಬಾಡಿಗೆದಲ್ಲ ಬಿಡ್ರಿ ಹಂಗಾದ್ರೆ," ಎಂದರು. "ತಾಯಿ ಕೊಟ್ಟಿದ್ದು."

ಕಸ್ತೂರಮ್ಮ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಎದ್ದು, ಬರಿಗಾಲಲ್ಲೇ ಹಿತ್ತಲ ಬಾಗಿಲು ದಾಟಿ ಹೋದಳು. ಕರಿಬಸವರಾಜ ಕಿವಿಯನ್ನೆಲ್ಲ ಆ ಕಡೆ ಇಟ್ಟ. ಆಮೇಲೆ ತೀರ ಮೆಲ್ಲಗೆ, ತಪ್ಪು ತಪ್ಪಾಗಿ, ಅವಳ ದನಿ ಕ್ಲೊಕ್ ಎಂದಿತು. ಒಂದು ಕೋಳಿ, ಬಂತಾ, ಎಂದಿತು. ಅವನು ಏಳಹೋದ.

"ಕೂಡ್ರಿ," ಎಂದರು ತೋಟಪ್ಪ. "ಕಲೀಲಿ."

ಅವನು ಕೂತ. ಅರ್ಧ ಮಾತ್ರ ಕೂತ.