ಬೆಂದ ಕಲೆ

"ಕುದಿಸು ಅಂದ್ರೆ ಕುದಿಸೇ, ಮುದಿ ಲೌಡಿ! ನಂಗೇ ಬುದ್ಧಿ ಹೇಳ್ತೀಯಾ?"

ಬೇಸಿಗೆ ನೆತ್ತಿ ಸುಡುತ್ತಿತ್ತು. ಗಿರಣಿ ಧಣಿಯ ಹಿತ್ತಲಲ್ಲಿ ಬೆಳಗಿನಿಂದ ಮೂರು ಹೊರೆ ಒಗೆದು ಹರವಿದ್ದ ಮುದುಕಿ, ಒಗೆಯುವ ಕಲ್ಲಿನ ಮೇಲಿದ್ದ ಬಿಳಿ ಅಂಗಿಯನ್ನು ನೋಡುತ್ತ ನಿಂತಿದ್ದಳು. ತೋಳಿನ ತುದಿಗೆಲ್ಲ ರಕ್ತ, ಎದೆಯ ಮೇಲೂ ರಕ್ತ.

"ಅಲ್ಲ ಧಣಿ, ಇದಕ್ಕೆ ತಣ್ಣೀರು..."

"ಬಾಯಿ ಮುಚ್ಚು. ಆಡು ಕಡಿಯೋವಾಗ ಸಿಡೀತು. ಹೊಸ ಅಂಗಿ, ಸುಡೋಕೆ ಮನಸ್ಸಿಲ್ಲ. ಸೋಡಾ ಹಾಕಿ ಕುದಿಸು."

ತನ್ನ ಕರವಸ್ತ್ರವನ್ನೂ ಹಿಂಡಿ ಗೊತ್ತಿಲ್ಲದವನು ಆಡು ಕಡಿದನಂತೆ! ಹಿಂದಿನ ಸಂಜೆ ಗೋದಾಮಿನಲ್ಲಿ ಹಮಾಲಿಯೊಬ್ಬ ಹೆಣವಾಗಿದ್ದ. ಮೂಟೆ ಮೇಲಿಂದ ಬಿದ್ದ ಎಂದು ಧಣಿ ಸಾರಿದ್ದ. ಸತ್ತವನು ಮುದುಕಿಯ ತಂಗಿಯ ಮಗ. ಮೂವತ್ತು ವರ್ಷ ತನ್ನ ಒಳಚಡ್ಡಿ ಒಗೆದವಳಿಗೆ ಯಾರಿದ್ದಾರೆ, ಯಾರಿಲ್ಲ ಎಂದು ಧಣಿ ಒಮ್ಮೆಯೂ ಕೇಳಿದವನಲ್ಲ.

ರಕ್ತಕ್ಕೆ ಬಿಸಿನೀರು ಸೋಕಿದರೆ ಕಲೆ ನೂಲಿಗೇ ಕಚ್ಚಿಕೊಳ್ಳುತ್ತದೆ. ಇದು ಅವಳ ಕೇರಿಯ ಸಣ್ಣ ಹುಡುಗಿಗೂ ಗೊತ್ತು. ಮುದುಕಿ ಇನ್ನೊಮ್ಮೆ ಹೇಳಲಿಲ್ಲ.

"ಆಯ್ತು ಧಣಿ, ನೀವು ಹೇಳಿದ ಹಾಗೇ," ಎಂದು ಒಲೆಗೆ ಇನ್ನೆರಡು ಸೌದೆ ತುರುಕಿದಳು.

ಮೂರನೇ ದಿನ ಇಸ್ತ್ರಿಯ ಗಂಟು ಹೊತ್ತು ಬಂದಾಗ ಪಡಸಾಲೆಯಲ್ಲಿ ಇನ್ಸ್‌ಪೆಕ್ಟರ್ ಧಣಿಯ ಚಹಾ ಹೀರುತ್ತಿದ್ದ. ಹೆಣ ಕೊಯ್ದ ಡಾಕ್ಟರು, ತಲೆಗೆ ಯಾರೋ ಹೊಡೆದಿದ್ದಾರೆ ಎಂದು ಬರೆದುಬಿಟ್ಟಿದ್ದ. ಈಗ ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬಾರಮ್ಮ. ಹಮಾಲಿಗಳೇ ಕುಡಿದು ಬಡಿದಾಡಿದ್ದು. ಅವರ ರಕ್ತದ ಬಟ್ಟೆ ನೀನಿಲ್ಲಿ ಕದ್ದು ಒಗೆದೆ. ಹಾಗಂತ ಬರೆದಿರೋ ಈ ಹೇಳಿಕೆಗೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗು. ಇಲ್ಲಾಂದ್ರೆ ಕೊಲೆ ಕೇಸಲ್ಲಿ ಸಾಕ್ಷಿ ನಾಶ. ಏಳು ವರ್ಷ ಒಳಗೆ."

"ಒಗೆದೋರಿಗೆ ಏಳು. ಒಗೆಸಿದೋರಿಗೆ ಎಷ್ಟು ಸ್ವಾಮಿ?"

ಧಣಿ ನಕ್ಕ. "ನೋಡಿ ಸಾರ್, ಬಟ್ಟೆ ಒಗೆದೂ ಒಗೆದೂ ವಕೀಲಳಾಗಿದಾಳೆ!"

"ನಾಶ ಮಾಡಿದ್ರೆ ತಾನೆ ಏಳು?" ಮುದುಕಿ ಗಂಟು ಬಿಚ್ಚಿದಳು. ಎಲ್ಲಕ್ಕಿಂತ ಮೇಲಿದ್ದ ಅಂಗಿಯನ್ನು ಒದರಿ ಹಿಡಿದಳು. ಗರಿಗರಿ ಇಸ್ತ್ರಿ, ಒಂದು ಸುಕ್ಕಿಲ್ಲ. ತೋಳಲ್ಲೂ ಎದೆಯಲ್ಲೂ ಕಂದು ಕಲೆ ಬೆಂದು ಕೂತಿತ್ತು. "ತಣ್ಣೀರಲ್ಲಿ ನೆನೆಸಿದ್ರೆ ಹೋಗ್ತಿತ್ತು. ಧಣಿ ಕುದಿಸು ಅಂದ್ರು. ಸತ್ತೋನು ನನ್ನ ತಂಗಿ ಮಗ, ಅದಕ್ಕೇ ಕುದಿಸಿದೆ."

ಧಣಿಯ ಮುಖ ಬಿಳಿಚಿತು. ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟು ಕೈ ಚಾಚಿದ. "ಇದು ಚಹಾ ಕಲೆ ಕಣಮ್ಮ. ಕೊಡಿಲ್ಲಿ."

"ಚಹಾ ಕುಡಿಯೋರಿಗೆ ಎಲ್ಲಾ ಚಹಾನೇ," ಎಂದವಳೇ ಮುದುಕಿ ಮೆಟ್ಟಿಲಿಳಿದಳು. ಗೋದಾಮಿನೆದುರು ಲಾರಿಯಿಂದ ಮೂಟೆ ಇಳಿಯುತ್ತಿತ್ತು. ಬೀದಿ ಬದಿಯ ತಂತಿಗೆ ಅಂಗಿಯನ್ನು ಎರಡೂ ತೋಳು ಚಾಚಿ ನೇತುಹಾಕಿ, ಕೆಳಗೆ ಧೂಳಲ್ಲೇ ಕೂತಳು.

"ಇದು ಧಣಿ ಅಂಗಿ ಕಣ್ರೋ! ಕಲೆ ನಮ್ಮ ಹುಡುಗಂದು!"

ಒಬ್ಬ ಹಮಾಲಿ ಬೆನ್ನ ಮೇಲಿನ ಮೂಟೆಯನ್ನು ನೆಲಕ್ಕೆ ಕೆಡವಿದ. ಆಮೇಲೆ ಇನ್ನೊಬ್ಬ.