ನೀಲಿ ಜಾಡಿಯೊಳಗಿನ ಎರಡನೆಯ ಗಿಡ

ನಾನು ಒಂದು ಜಾಡಿ. ಖಾನಾಪುರದ ಮಣ್ಣು ನನ್ನ ಮೈ. ಅಲ್ಲಿಯ ಕುಂಬಾರನೊಬ್ಬ ನನ್ನನ್ನು ತಿಗರಿಯ ಮೇಲೆ ತಿರುಗಿಸಿ, ಬಾಯಿ ಅಗಲ ಮಾಡಿ, ನೀಲಿ ಹೊಳಪು ಬಳಿದು ಭಟ್ಟಿಯಲ್ಲಿ ಸುಟ್ಟ. "ಒಂದು ಹನಿ ಸೋರಾಂಗಿಲ್ಲ ನೋಡ್ರಿ" ಎಂದು ಗಿರಾಕಿಗಳಿಗೆ ನನ್ನನ್ನು ಬೆರಳಿನಿಂದ ಬಡಿದು ತೋರಿಸುತ್ತಿದ್ದ. ಆಗ ಆ ಮಾತು ಕೇಳಿ ನಾನು ಹಿಗ್ಗುತ್ತಿದ್ದೆ.

ನನ್ನನ್ನು ಕೊಂಡವರು ಹುಬ್ಬಳ್ಳಿಯ ಶಾಂಭವಕ್ಕ. ಕೆಲವು ವರ್ಷ ನನ್ನೊಳಗೆ ಮಾವಿನ ಉಪ್ಪಿನಕಾಯಿ ಇತ್ತು. ಮುಚ್ಚಳ ಒಡೆದ ಮೇಲೆ ಅಡುಗೆಮನೆಯ ಅಟ್ಟ ಸೇರಿದೆ. ಅಲ್ಲಿಂದ ನನ್ನನ್ನು ಕೆಳಗಿಳಿಸಿದವರು ಅವರ ಗಂಡ ವಿರೂಪಾಕ್ಷಪ್ಪ. ಯಾರೋ ಕೊಟ್ಟ ಬಿಳಿ ಹೂವಿನ ಆರ್ಕಿಡ್ ಗಿಡವೊಂದನ್ನು ಅವರು ಹಿತ್ತಲ ಕೆಂಪು ಮಣ್ಣಿನಲ್ಲಿ ನೆಟ್ಟು ಇನ್ನೇನು ಸಾಯಿಸುವವರಿದ್ದರು. ನರ್ಸರಿಯವನು ಬಂದು ನೋಡಿ ನಕ್ಕನಂತೆ. "ಸಾಹೇಬ್ರ, ಇದು ಮರದ ತೊಗಟಿ ಹಿಡಕೊಂಡು ಬೆಳಿಯೂ ಗಿಡ. ಇದರ ಬೇರಿಗೆ ಮಣ್ಣು ಬ್ಯಾಡ, ಗಾಳಿ ಬೇಕು."

ವಿರೂಪಾಕ್ಷಪ್ಪ ವರ್ಕ್‌ಶಾಪಿನಲ್ಲಿ ದುಡಿದ ಮನುಷ್ಯ. ನನ್ನ ಮೇಲೆ ನೀರು ಹನಿಸುತ್ತ, ಡ್ರಿಲ್ ಹಿಡಿದು ತಳಕ್ಕೂ ಪಕ್ಕಕ್ಕೂ ತೂತು ಕೊರೆದರು. ನೋವಾಯಿತು, ಆದರೆ ಮೊದಲ ಸಲ ನನ್ನೊಳಗೆ ಗಾಳಿ ಆಡಿತು. ಇದ್ದಿಲು, ಇಟ್ಟಿಗೆಯ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು, ಇಷ್ಟನ್ನು ಸಡಿಲವಾಗಿ ತುಂಬಿ ಗಿಡವನ್ನು ಕೂರಿಸಿದರು. ಬೇರು ಬೆಳ್ಳಿಯ ಹಾಗೆ ಬಿಳಿಚಿದಾಗ ಮಾತ್ರ ನನ್ನನ್ನು ಬಕೆಟ್ಟಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಳಿಬಿಡುವುದು, ಬೇರು ಹಸಿರಾದ ಮೇಲೆ ಎತ್ತಿ ಕೊನೆಯ ಹನಿ ಸೋರುವವರೆಗೆ ಬಚ್ಚಲಲ್ಲಿ ಇಡುವುದು, ಅಷ್ಟೇ. ಗಿಡ ಚೇತರಿಸಿಕೊಂಡಿತು. ಚಳಿಗಾಲಕ್ಕೆ ಹೂ ಬಿಟ್ಟಿತು.

ವಿರೂಪಾಕ್ಷಪ್ಪ ತೀರಿಕೊಂಡ ಮೇಲೆ ಶಾಂಭವಕ್ಕ ಅದನ್ನೇ ನಡೆಸಿಕೊಂಡು ಬಂದರು. ದಿನಾ ಮುಂಜಾನೆ ಕಿಟಕಿಯ ಬಳಿ ಕುಳಿತು ಗಿಡದ ಕೂಡ ಮಾತಾಡುವರು. "ಇವತ್ತ ಮೊಣಕಾಲು ಭಾಳ ನೋಯಾಕತ್ತೈತ್ರಿ" ಎನ್ನುವರು. ಕೇಳುತ್ತಿದ್ದುದು ಗಿಡ. ಅವರು ಹೇಳುತ್ತಿದ್ದುದು ಗಂಡನಿಗೆ.

ಆ ಮೊಣಕಾಲಿನ ಆಪರೇಷನ್ನಿಗೆಂದು ಅವರು ಬೆಳಗಾವಿಯ ಮಗಳ ಮನೆಗೆ ಹೋಗಬೇಕಾಯಿತು. ನನ್ನನ್ನು ಪಕ್ಕದ ಓಣಿಯಲ್ಲಿದ್ದ ತಂಗಿ ಅನಸೂಯಾಳ ಕೈಗೆ ಕೊಟ್ಟರು. "ನೀರು ಕಡಿಮಿ ಆದ್ರ ನಡೀತೈತಿ, ಹೆಚ್ಚು ಆಗಬಾರದು" ಎಂದು ಹೇಳಿಯೇ ಕೊಟ್ಟರು. ಆದರೆ ಅನಸೂಯಾ ಕೈ ತಡೆಯುವ ಹೆಂಗಸಲ್ಲ. ಮನೆಗೆ ಬಂದವರಿಗೆ ಎರಡು ಸಲ ಬಡಿಸುವವಳು. ಹೊಳೆಯುವ ನೆಲ ಒದ್ದೆಯಾಗದಿರಲೆಂದು ನನ್ನನ್ನು ಒಂದು ಸ್ಟೀಲ್ ಬೋಗುಣಿಯಲ್ಲಿ ಕೂರಿಸಿದಳು. ಗಿಡ ಅಲುಗಾಡುತ್ತದೆಂದು ಮೇಲಿನಿಂದ ತೆಂಗಿನ ನಾರಿನ ಪುಡಿಯನ್ನು ಒತ್ತಿ ಒತ್ತಿ ತುಂಬಿದಳು. ಆಮೇಲೆ ದಿನಾ ಒಂದು ಲೋಟ ನೀರು.

ನನ್ನ ತೂತುಗಳು ಮುಚ್ಚಿಹೋದವು. ಬೋಗುಣಿಯ ನೀರು ನನ್ನ ತಳದಿಂದ ಮೇಲೇರಿತು. ಮತ್ತೆ ಒಂದು ಹನಿ ಸೋರದ ಜಾಡಿಯಾದೆ. ಬೇರು ಕಂದಿ, ಕಪ್ಪಾಗಿ, ಮುಟ್ಟಿದರೆ ಜಾರುವಷ್ಟು ಮೆತ್ತಗಾಯಿತು. ಆ ವಾಸನೆ ಮೊದಲು ತಿಳಿದದ್ದು ನನಗೆ. ನೀರು ಹೀರಲು ಬೇರುಗಳೇ ಉಳಿಯದ ಗಿಡದ ಎಲೆಗಳು ಸೊರಗಿದವು. ಅನಸೂಯಾ ಅದನ್ನು ಬಾಯಾರಿಕೆ ಎಂದುಕೊಂಡಳು. "ಅಯ್ಯ, ಬಿಸಲಿಗೆ ಒಣಗಾಕತ್ತೈತಿ ಇದು" ಎಂದು ಇನ್ನೊಂದು ಲೋಟ ಸುರಿದಳು. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮತ್ತು ನಾನು ಆ ನೀರನ್ನು ಹಿಡಿದುಕೊಂಡೇ ಕೂತೆ.

ಒಂದು ದಿನ ಎಲೆ ಒರೆಸುವಾಗ ಗಿಡ ಅವಳ ಕೈಗೇ ಬಂತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಅಕ್ಕನಿಗೆ ಫೋನ್ ಮಾಡಲು ಎರಡು ಸಲ ಎತ್ತಿಕೊಂಡಳು, ಎರಡು ಸಲ ಕೆಳಗಿಟ್ಟಳು. ಮರುದಿನ ನರ್ಸರಿಯಿಂದ ಅಷ್ಟೇ ಎತ್ತರದ, ಅಂಥದೇ ಎಲೆಯ ಗಿಡ ತಂದಳು. ಜಾಡಿ ತುಂಬುವ ಬಗೆಯನ್ನು ಅಲ್ಲೇ ಕೇಳಿ ಕಲಿತು ಬಂದಿದ್ದಳು. ನನ್ನನ್ನು ತಿಕ್ಕಿ ತೊಳೆದು, ಹೊಸ ಇದ್ದಿಲು, ತೊಗಟೆ ಹಾಕಿ ಆ ಗಿಡವನ್ನು ಕೂರಿಸಿದಳು. ಬಿಳಿ ಹೂವಿನದೇ ಬೇಕೆಂದು ಕೇಳಿದ್ದಳಂತೆ. ಹೂ ಬಿಟ್ಟಾಗಲೇ ಗೊತ್ತಾಗುವುದು ಎಂದಿದ್ದನಂತೆ ನರ್ಸರಿಯವನು.

ಶಾಂಭವಕ್ಕ ಕೋಲೂರಿಕೊಂಡು ಮರಳಿ ಬಂದು ನನ್ನನ್ನು ಕಂಡಾಗ ಅವರ ಮುಖ ಅರಳಿತು. "ಎಲಿ ಎಷ್ಟು ಹೊಳಪ ಬಂದಾವಲ್ಲ ಅನೂ! ನನಗಿಂತ ನೀನ ಚಲೋ ನೋಡಿದಿ."

ಅನಸೂಯಾ ನನ್ನನ್ನು ಎತ್ತಿ ಅಕ್ಕನ ಮನೆಯ ಕಿಟಕಿಯ ಬಳಿ ತಂದಿಟ್ಟಳು.

ಮತ್ತೆ ಮುಂಜಾನೆಯ ಮಾತು ಶುರುವಾಯಿತು. ಆಪರೇಷನ್ನಿನ ಕಥೆ, ಮೊಮ್ಮಗಳ ಹಟ, ಎಲ್ಲವನ್ನೂ ಶಾಂಭವಕ್ಕ ಆ ಗಿಡಕ್ಕೆ ಹೇಳಿದರು. ಅದು ಎಲೆ ಬಿಚ್ಚಿಕೊಂಡು ಸುಮ್ಮನಿತ್ತು. ಅದಕ್ಕೆ ವಿರೂಪಾಕ್ಷಪ್ಪ ಯಾರೋ. ಒಮ್ಮೊಮ್ಮೆ ಅನಸೂಯಾ ಎದುರಿಗೇ ಇರುತ್ತಿದ್ದಳು. ಆಗ ಅವಳು ಅಕ್ಕನ ಮುಖ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಚಳಿ ಬಿದ್ದಾಗ ಹೂಗೊನೆ ಹೊರಟಿತು. ಶಾಂಭವಕ್ಕ ಹಬ್ಬದಂತೆ ಸಂಭ್ರಮಿಸಿದರು. ಅನಸೂಯಾ ಬಂದಾಗಲೆಲ್ಲ ಮೊಗ್ಗಿನ ಬಳಿ ಬಗ್ಗುವಳು. ಮೊಗ್ಗು ದಪ್ಪಗಾದಂತೆ ಅದರ ಹಸಿರಿನ ಮೇಲೆ ನೇರಳೆ ಗೆರೆ ಮೂಡತೊಡಗಿತು. ಅಕ್ಕನ ಕನ್ನಡಕಕ್ಕೆ ಅದು ಇನ್ನೂ ಕಂಡಿರಲಿಲ್ಲ.

ಒಂದು ಮುಂಜಾನೆ ಶಾಂಭವಕ್ಕ ಸ್ನಾನಕ್ಕೆ ಹೋದಾಗ ಅನಸೂಯಾ ಹೂಗೊನೆಯನ್ನು ಎರಡು ಬೆರಳಲ್ಲಿ ಹಿಡಿದಳು. ಅವಳ ಇನ್ನೊಂದು ಕೈ ನನ್ನ ಅಂಚಿನ ಮೇಲಿತ್ತು. ಚಟ್ ಎಂದಿತು. ಮುರಿದ ಗೊನೆಯನ್ನು ನೆಲಕ್ಕೆ ಬಿಟ್ಟು ಅವಳು ಅಡುಗೆಮನೆಗೆ ಓಡಿದಳು.

ಶಾಂಭವಕ್ಕ ಬಂದು ಅದನ್ನು ಕಂಡವರೇ ತಮ್ಮ ಕೋಲನ್ನು ನೋಡಿಕೊಂಡರು.

"ಅಯ್ಯೋ ನನ್ನ ಕೋಲ ಬಡಿದಿರಬೇಕು. ತಪ್ಪಾತ್ರಿ... ನಿಮ್ಮ ಹೂ ನಾನ ಮುರಿದೆ."

ಅವರು ಗಿಡಕ್ಕೆ ಕೈ ಮುಗಿದು ನಿಂತಿದ್ದರು. ಬಾಗಿಲಲ್ಲಿದ್ದ ಅನಸೂಯಾಳ ಕೈಯಿಂದ ಚಹಾದ ಕಪ್ಪು ಬಿತ್ತು.

"ಅಕ್ಕಾ, ಅದು ಭಾವಾರ ಗಿಡ ಅಲ್ಲ."

ಅವಳು ಎಲ್ಲವನ್ನೂ ಹೇಳಿದಳು, ಗೊನೆ ಮುರಿದದ್ದನ್ನೂ. ಶಾಂಭವಕ್ಕ ಕುರ್ಚಿ ಹಿಡಿದು ಕುಳಿತರು.

"ಗಿಡ ಸತ್ತದ್ದಕ್ಕ ನಾ ನಿನಗೇನೂ ಅಂತಿದ್ದಿಲ್ಲ ಅನೂ. ಸಾಯ್ತಾವ ಗಿಡ. ಆದರ ಇಷ್ಟು ದಿನ ನಾ ಯಾರ ಕೂಡ ಮಾತಾಡಿದೆ? ನೀ ಕುಂತು ಕೇಳಿದಿಯಲ್ಲ..."

ಅನಸೂಯಾ ಬಗ್ಗಿ ಕಪ್ಪಿನ ಚೂರುಗಳನ್ನು ಆಯತೊಡಗಿದಳು.

ಆಮೇಲೆ ಶಾಂಭವಕ್ಕ ಆ ಗಿಡವನ್ನು ನನ್ನಿಂದ ಬಿಡಿಸಿದರು. ಒಂದು ಬೇರೂ ಮುರಿಯದಂತೆ ಬಿಡಿಸಿ, ತೂತಿನ ಮಣ್ಣಿನ ಕುಂಡದಲ್ಲಿ ಕೂರಿಸಿ, ಕೆಲಸದವಳ ಕೈಯಲ್ಲಿ ತಂಗಿಯ ಮನೆಗೆ ಕಳಿಸಿದರು. "ಗಿಡದ್ದೇನು ತಪ್ಪು? ದಿನಾ ನೀರು ಹಾಕಬ್ಯಾಡ ಅಂತ ಹೇಳು" ಎಂದಷ್ಟೇ ಹೇಳಿದರು. ನನ್ನನ್ನು ಬಾಲ್ಕನಿಯ ಮೂಲೆಯಲ್ಲಿಟ್ಟರು. ಅನಸೂಯಾ ಆ ಕಡೆ ಸುಳಿಯಲಿಲ್ಲ. ಮುಂಜಾನೆಯ ಕಿಟಕಿಯಲ್ಲಿ ಮಾತೂ ಇರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅನಸೂಯಾ ಬಂದಳು. ಎದೆಗೊತ್ತಿ ಹಿಡಿದ ಕುಂಡದಲ್ಲಿ ಕಡು ನೇರಳೆ ಹೂಗಳು ತುಂಬಿದ್ದವು. ಒಳಗೆ ಬಾ ಎನ್ನುವವರೆಗೆ ಹೊಸ್ತಿಲಾಚೆಯೇ ನಿಂತಳು. ಶಾಂಭವಕ್ಕ ಹೂಗಳನ್ನು ಬಹಳ ಹೊತ್ತು ನೋಡಿದರು.

"ಚಂದ ಐತಿ" ಎಂದರು. ಆಮೇಲೆ ಕುರ್ಚಿ ಎಳೆದು ತಂಗಿಯನ್ನು ಎದುರಿಗೆ ಕೂರಿಸಿಕೊಂಡರು. "ಈಗ ಹೇಳು. ಅವರ ಗಿಡ ಹೆಂಗ ಹೋತು? ಮೊದಲಿಂದ ಹೇಳು. ಏನೂ ಬಿಡಬ್ಯಾಡ."

ಅನಸೂಯಾ ಹೇಳತೊಡಗಿದಳು. ಮೊದಲು ಹಳದಿಯಾದ ಎಲೆ ಯಾವುದು, ಯಾವ ಎಲೆ ಕೊನೆಯವರೆಗೂ ಹಸಿರಾಗಿತ್ತು, ಅದು ಕೈಗೆ ಬಂದಾಗ ಎಷ್ಟು ಹಗುರಾಗಿತ್ತು. ಗಿಡ ಸತ್ತು ಇಷ್ಟು ದಿನವಾದ ಮೇಲೆ ಶಾಂಭವಕ್ಕ ಅದಕ್ಕಾಗಿ ಬಿಕ್ಕಿ ಬಿಕ್ಕಿ ಅತ್ತರು. ತಂಗಿ ಅವರ ಕೈ ಹಿಡಿದುಕೊಂಡಿದ್ದಳು. ಅವರು ಬಿಡಿಸಿಕೊಳ್ಳಲಿಲ್ಲ.

ನಾನು ಬಾಲ್ಕನಿಯ ಮೂಲೆಯಿಂದ ಎಲ್ಲವನ್ನೂ ಕೇಳಿದೆ. ಅನಸೂಯಾಗೆ ಹೇಳಲು ಬಾಯಿತ್ತು, ಕೇಳಲು ಒಬ್ಬ ಅಕ್ಕ ಇದ್ದರು. ನನ್ನ ಪಾಲಿನ ತಪ್ಪನ್ನು ನಾನು ಯಾರಿಗೂ ಹೇಳಿರಲಿಲ್ಲ, ಓದುವ ನಿಮಗೆ ಹೇಳಿದ್ದೇನೆ.