ನಮ್ಮ ರಾಜ್ಯ ಒಂಟಿಯಾಗಿ ನಿಂತ ಮಧ್ಯಾಹ್ನ

ನಮ್ಮಣ್ಣ ವಕೀಲ. ಅವನ ಬಾಯಿಗೆ ಬ್ರೇಕಿಲ್ಲ, ನನ್ನ ಬಾಯಿಗೆ ಫ್ಯೂಸಿಲ್ಲ. ನಾವಿಬ್ಬರೂ ಒಂದೇ ಮೇಜಿಗೆ ಊಟಕ್ಕೆ ಕೂತೆವೆಂದರೆ ಅಮ್ಮ ಮೊದಲು ಗಾಜಿನ ಲೋಟಗಳನ್ನು ಒಳಗಿಟ್ಟು ಬರುತ್ತಾಳೆ. ಆ ವಾರದ ಜಗಳವಂತೂ ಲೋಟಕ್ಕೆ ನಿಲ್ಲುವಂಥದ್ದಲ್ಲ. ನಮ್ಮ ರಾಜ್ಯ ಒಕ್ಕೂಟ ಬಿಟ್ಟು ಬೇರೆ ದೇಶವಾಗಬೇಕೋ ಬೇಡವೋ ಎಂದು ಭಾನುವಾರ ಜನ ಮತ ಹಾಕುವವರಿದ್ದರು. ‘ಆಗಲೇಬೇಕು’ ಎನ್ನುವವರಿಗೆಲ್ಲ ನಮ್ಮಣ್ಣನೇ ಮುಂದಾಳು.

“ಸೇರುವಾಗ ನಮ್ಮಿಷ್ಟದಿಂದ ಸೇರಿದ್ವಿ ತಾನೆ? ಬಿಡೋದೂ ನಮ್ಮಿಷ್ಟ. ಬಂದ ಬಾಗಿಲಲ್ಲೇ ಹೋಗ್ತೀವಿ,” ಎಂದ ಅಣ್ಣ.

“ಆ ರಿಟೈರ್ಡ್ ಜಡ್ಜು ಪೇಪರಲ್ಲಿ ಬರೆದಿದ್ರಲ್ಲ, ಸಂವಿಧಾನಕ್ಕೆ ಹೊರಗೆ ಹೋಗೋ ಬಾಗಿಲೇ ಇಟ್ಟಿಲ್ಲ ಅಂತ?” ಎಂದೆ.

“ಆ ಮುದುಕನಿಗೆ ಗೋಡೆ ಬಿಟ್ಟು ಇನ್ನೇನೂ ಕಾಣಲ್ಲ. ಗುರುವಾರ ರಾಜಧಾನಿ ಟಿವೀಲಿ ಎದುರುಬದುರು ಕೂರ್ತೀವಲ್ಲ, ಬೆವರಿಳಿಸ್ತೀನಿ ನೋಡು.”

“ಬಾಗಿಲು, ಗೋಡೆ ಎಲ್ಲ ಹಾಳಾಗ್ಲಿ. ಒಂಟಿಯಾಗಿ ನಿಲ್ಲೋಕಾಗುತ್ತಾ, ಅದು ಹೇಳು.”

“ಅದನ್ನ ನೀನು ಹೇಳ್ಬೇಕು ಕಣೇ. ಕರೆಂಟು ಇರೋದು ನಿನ್ನ ಕೈಲಿ.”

ಅದೇನೋ ನಿಜ. ರಾಜ್ಯದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ಹೊಣೆ ನನ್ನದು. ಯಾವ ಅಣೆಕಟ್ಟಿನಲ್ಲಿ ಎಷ್ಟು ಯಂತ್ರ ತಿರುಗಬೇಕು, ಯಾವ ಪಟ್ಟಣಕ್ಕೆ ಎಷ್ಟು ಹೋಗಬೇಕು ಎಂದು ಫೋನಿನಲ್ಲಿ ಕೂಗಾಡುವುದು ನನ್ನ ಕೆಲಸ. ನಮ್ಮ ಗೋಡೆಯ ಮೀಟರಿನಲ್ಲಿ ಒಂದು ಮುಳ್ಳಿದೆ. ಅದು ಐವತ್ತರಲ್ಲಿ ನಿಂತಿದ್ದರೆ ಹುಟ್ಟುವ ಕರೆಂಟೂ ಖರ್ಚಾಗುವ ಕರೆಂಟೂ ಸರಿಸಮ. ಜನ ಹೆಚ್ಚು ಎಳೆದರೆ ಇಳಿಯುತ್ತದೆ, ಕಡಿಮೆ ಎಳೆದರೆ ಏರುತ್ತದೆ. ತೀರಾ ಇಳಿದರೆ ಯಂತ್ರಗಳು ತಮ್ಮ ಜೀವ ಉಳಿಸಿಕೊಳ್ಳಲು ತಾವಾಗಿಯೇ ನಿಂತುಬಿಡುತ್ತವೆ, ರಾಜ್ಯಕ್ಕೆ ರಾಜ್ಯವೇ ಕತ್ತಲು. ದೇಶದ ಯಂತ್ರಗಳೆಲ್ಲ ಒಂದೇ ತಂತಿಗೆ ಕಟ್ಟಿಕೊಂಡಿರುವುದರಿಂದ ಒಬ್ಬರು ಎಡವಿದರೆ ಇನ್ನೊಬ್ಬರು ಹಿಡಿಯುತ್ತಾರೆ. ಒಂಟಿಯಾದರೆ ಹಿಡಿಯುವವರಿಲ್ಲ.

“ಆಗಲ್ಲ,” ಎಂದೆ. “ಬಿದ್ದುಬಿಡ್ತೀವಿ.”

ಅಣ್ಣನ ಮುಖ ಸಪ್ಪಗಾಯಿತು. ಅವನು ವಾದದಲ್ಲಿ ಸೋತದ್ದನ್ನು ನೋಡಿದ್ದೇನೆ, ಮುಖ ಹೀಗಾದದ್ದನ್ನು ನೋಡಿರಲಿಲ್ಲ. “ಸ್ವಂತ ತಂಗಿನೇ ಹೀಗಂದ್ರೆ ಊರೋರು ಏನಂದಾರು?” ಎಂದು ಕೈ ತೊಳೆಯಲು ಎದ್ದ.

“ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ. ಚಿಕ್ಕಂದಿನಿಂದ್ಲೂ ಇವನದು ಇದೇ,” ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, “ನಿಂದೂ ಏನು ಬಾಯೇ! ಒಂದ್ಸಲ ಆಗುತ್ತೆ ಅಂತ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ಗದರಿದಳು.

ನನ್ನ ಮೇಜಿನ ಮೇಲೆ ಒಂದು ಕೆಂಪು ಫೋನಿದೆ. ಎತ್ತಿದರೆ ಸಾಕು, ಪಕ್ಕದ ರಾಜ್ಯದ ನಿಯಂತ್ರಣ ಕೊಠಡಿಯಲ್ಲಿ ಬಡಿದುಕೊಳ್ಳುತ್ತದೆ. ದೇಶದ ರಾಜಧಾನಿ ಇರುವುದೂ ಆ ಕಡೆಯೇ. ಅಲ್ಲಿ ಫೋನೆತ್ತುವವನನ್ನು ನಾನು ಕರೆಯುವುದು ‘ಆಚೆಮನೆ’ ಎಂದು. ವರ್ಷಗಟ್ಟಲೆ ದಿನವೂ ಜಗಳವಾಡಿದ್ದೇವೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. “ಏನೋ ಆಚೆಮನೆ, ಮತ್ತೆ ಎಳೀತಿದ್ದೀಯಾ? ಅಣೆಕಟ್ಟು ಏನು ನಿಮ್ಮಪ್ಪ ಕಟ್ಟಿಸಿದ್ದಾ?” ಎಂದು ನಾನು. “ಸ್ವಲ್ಪ ಸಹಿಸ್ಕೊಳ್ಳಿ ಅಕ್ಕಾ, ಇಲ್ಲಿ ಸೆಕೆ ಜಾಸ್ತಿ,” ಎಂದು ಅವನು. ಹೇಳಿದ್ದಕ್ಕಿಂತ ಹೆಚ್ಚು ಎಳೆಯದ ದಿನವೇ ಇಲ್ಲ, ಭಂಡ. ಆ ಗುರುವಾರ ಬೆಳಿಗ್ಗೆ ಮಾತ್ರ ಜಗಳ ಮುಗಿದ ಮೇಲೂ ಅವನು ಫೋನಿಡಲಿಲ್ಲ.

“ಅಕ್ಕಾ, ನೀವು ಬೇರೆ ದೇಶ ಆದ್ರೆ ಈ ಫೋನು ಕಿತ್ತುಹಾಕ್ತಾರಾ?”

“ಕಿತ್ರೆ ನನಗೂ ನೆಮ್ಮದಿ. ಇಡೋ!” ಎಂದೆ. ಅಂದದ್ದೇನೋ ಅಂದೆ, ಬೆಳಗೆಲ್ಲ ಅದೇ ಪ್ರಶ್ನೆ ತಲೆ ಕೊರೆಯಿತು.

ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದೆ, ಅಷ್ಟೇ. ಕೊಠಡಿಯ ಗಂಟೆಗಳೆಲ್ಲ ಒಮ್ಮೆಗೇ ಹೊಡೆದುಕೊಂಡವು. ರಾಜಧಾನಿಯಿಂದಾಚೆ ಎಲ್ಲೋ ದೊಡ್ಡ ಲೈನುಗಳು ಒಂದರ ಹಿಂದೊಂದು ಕೈಕೊಟ್ಟಿದ್ದವು. ಆ ಏಟಿಗೆ ನಮ್ಮನ್ನು ಆಚೆಗೆ ಕಟ್ಟಿದ್ದ ಲೈನುಗಳೂ ಬಿಟ್ಟುಕೊಂಡವು. ಮತ, ಬಾಗಿಲು, ಸಂವಿಧಾನ, ಭಾನುವಾರ ಯಾವುದಕ್ಕೂ ಕಾಯದೆ ನಮ್ಮ ರಾಜ್ಯ ಬೇರೆಯಾಗಿಬಿಟ್ಟಿತು.

“ಮೇಡಂ, ಮುಳ್ಳು!” ಎಂದು ಮೀಸೆ ಕಿರುಚಿದ. ಮೀಸೆ ಎಂದರೆ ನನ್ನ ಸಹಾಯಕ ಎಂಜಿನಿಯರ್. ಬಾಗಿಲಲ್ಲಿ ಮೊದಲು ಮೀಸೆ ಬರುತ್ತದೆ, ಹಿಂದಿನಿಂದ ಆಸಾಮಿ ಬರುತ್ತಾನೆ.

ಮುಳ್ಳು ಏರುತ್ತಿತ್ತು. ಆಚೆಗೆ ಹರಿಯುತ್ತಿದ್ದ ಕರೆಂಟಿಗೆ ಈಗ ಹೋಗಲು ಜಾಗವಿಲ್ಲ. ಅಣೆಕಟ್ಟಿಗೆ ಫೋನು ಹಚ್ಚಿ, “ನೀರು ನಿಲ್ಲಿಸ್ರೀ! ಅರ್ಧ ಯಂತ್ರ ಬಂದ್ ಮಾಡಿ, ಈಗ್ಲೇ!” ಎಂದು ಕೂಗಿದೆ. ನನ್ನ ಗಂಟಲಿಗೆ ಹೆದರಿ ಅವರು ಅರ್ಧಕ್ಕಿಂತ ಹೆಚ್ಚೇ ಬಂದ್ ಮಾಡಿದರು. ಮುಳ್ಳು ಹಿಂದಕ್ಕೆ ತಿರುಗಿ, ಐವತ್ತನ್ನೂ ದಾಟಿ ಕೆಳಗಿಳಿಯತೊಡಗಿತು. “ಬೀದಿಗಳನ್ನ ಕಡಿ, ಎಳೆಯೋರು ಕಡಿಮೆಯಾಗ್ಲಿ!” ಎಂದು ಮೀಸೆಗೆ ಕೂಗಿದೆ.

“ಯಾವ ಬೀದಿ ಕಟ್ ಮಾಡ್ಲಿ ಮೇಡಂ?”

“ನಮ್ಮ ಮನೆ ಬೀದಿ. ಅಣ್ಣನ ಪಕ್ಷದ ಆಫೀಸಿನ ಬೀದಿ. ಆಮೇಲೆ ಮಂತ್ರಿಗಳ ಬಂಗಲೆ ಸಾಲು. ಮುಖ ಏನು ನೋಡ್ತೀಯಾ, ಮಾಡು!”

ಇಳಿಯುವುದು ನಿಂತಿತು. ಅಣೆಕಟ್ಟಿನವರು ಒಂದೊಂದಾಗಿ ಯಂತ್ರಗಳನ್ನು ಮತ್ತೆ ತಿರುಗಿಸಿದರು. ಮುಳ್ಳು ಆಗಷ್ಟೇ ಹುಟ್ಟಿದ ಕರುವಿನ ಹಾಗೆ ನಡುಗುತ್ತ ನಡುಗುತ್ತ ಎದ್ದು ಐವತ್ತರಲ್ಲಿ ನಿಂತಿತು. ಯಾರೂ ಹಿಡಿದಿರಲಿಲ್ಲ. ತಾನೇ ನಿಂತಿತ್ತು. ಮೀಸೆ ಕುರ್ಚಿ ಬಿಟ್ಟೆದ್ದು ಕುಣಿದ. “ಆಗಲ್ಲ” ಎಂದು ಅಣ್ಣನ ಬಾಯಿ ಮುಚ್ಚಿಸಿದ್ದ ನಾನೇ ಮೀಸೆಯ ಬೆನ್ನಿಗೊಂದು ಗುದ್ದು ಕೊಟ್ಟು ಜೋರಾಗಿ ನಕ್ಕೆ. ಸುಳ್ಳೇಕೆ ಹೇಳಲಿ, ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮೊಬೈಲಿನಲ್ಲಿ ಅಣ್ಣ.

“ನಿಂತಿತಂತಲ್ಲೇ! ರಾಜಧಾನೀಲಿ ಒಂದು ಬಲ್ಬೂ ಉರೀತಿಲ್ಲ, ನಮ್ಮೂರಲ್ಲಿ ಫ್ಯಾನು ತಿರುಗ್ತಿದೆಯಂತೆ! ಆಗಲ್ಲ ಅಂದಿದ್ಯಲ್ಲ, ಈಗೇನಂತೀಯಾ?”

“ಆಯ್ತಪ್ಪಾ, ನಿಂತಿದ್ದೀವಿ. ನೀನು ಗೆದ್ದೆ, ಸಾಕಾ?”

“ಇನ್ನು ಆ ಲೈನುಗಳನ್ನ ಸೇರಿಸ್ಬೇಡ ಕಣೇ. ಭಾನುವಾರದವರೆಗೂ ಹೀಗೇ ಇರ್ಲಿ. ಇದಕ್ಕಿಂತ ಸಾಕ್ಷಿ ಬೇಕಾ?”

ಅವನ ದನಿ ಡಬ್ಬದೊಳಗಿಂದ ಬಂದ ಹಾಗಿತ್ತು. “ಎಲ್ಲಿದ್ದೀಯೋ ನೀನು?” ಎಂದೆ.

“ಲಿಫ್ಟಲ್ಲಿ,” ಎಂದ. “ಟಿವಿಯವರ ಸ್ಟುಡಿಯೋಗೆ ಹೋಗ್ತಿದ್ವಿ, ಮಧ್ಯದಲ್ಲಿ ನಿಂತುಬಿಡ್ತು. ಇವರ ಜನರೇಟರೂ ಕೆಟ್ಟಿದೆಯಂತೆ. ಜಡ್ಜೂ ಇಲ್ಲೇ ಇದ್ದಾರೆ.”

ನಗು ತಡೆಯಲಾಗಲಿಲ್ಲ. ಬಾಗಿಲಿದೆ ಎನ್ನುವವನೂ ಬಾಗಿಲಿಲ್ಲ ಎನ್ನುವವರೂ ಒಂದೇ ಡಬ್ಬದಲ್ಲಿ! ಆದರೆ ನಕ್ಕು ಮುಗಿಯುವ ಮೊದಲೇ ನೆನಪಾಯಿತು. ನಮ್ಮಣ್ಣನಿಗೆ ಕತ್ತಲೆಂದರೆ ಆಗದು. ಚಿಕ್ಕವನಿದ್ದಾಗ, ನನಗಿಂತ ದೊಡ್ಡವನಾದರೂ, ನನ್ನ ಲಂಗದ ತುದಿ ಹಿಡಿದುಕೊಂಡೇ ಮಲಗುತ್ತಿದ್ದ. ಅವನ ಹಿಂದೆ ಯಾರೋ ಗರಗಸ ಎಳೆದಂಥ ಸದ್ದು ಕೇಳುತ್ತಿತ್ತು.

“ಏನೋ ಅದು?”

“ಜಡ್ಜಿಗೆ ಉಬ್ಬಸ. ಇನ್‌ಹೇಲರ್ ಕಾರಲ್ಲೇ ಉಳಿದಿದೆ. ಬಾಗಿಲು ಮೀಟಿ ನೋಡಿದ್ರು, ಎದುರಿಗೆ ಬರೀ ಗೋಡೆ ಇದೆ.” ಜಂಬವೆಲ್ಲ ಇಳಿದು ದನಿ ತೆಳ್ಳಗಾಗಿತ್ತು. “ತುಂಬಾ ಕಷ್ಟಪಡ್ತಿದ್ದಾರೆ ಕಣೇ.”

ಅದೇ ಹೊತ್ತಿಗೆ ಕೆಂಪು ಫೋನು ಬಡಿದುಕೊಂಡಿತು. ಮೊಬೈಲನ್ನು ಮೇಜಿನ ಮೇಲಿಟ್ಟು ಅದನ್ನೆತ್ತಿದೆ.

“ಅಕ್ಕಾ, ನಮ್ಮದು ಪೂರ್ತಿ ಹೋಯ್ತು,” ಎಂದ ಆಚೆಮನೆ. “ಕಲ್ಲಿದ್ದಲ ಯಂತ್ರಗಳನ್ನ ಮತ್ತೆ ಎಬ್ಬಿಸೋಕೆ ಮೊದಲು ಹೊರಗಿಂದ ಸ್ವಲ್ಪ ಕರೆಂಟು ಬೇಕು. ಒಂದೇ ಒಂದು ಲೈನು ಕೊಡ್ತೀರಾ?”

ಮೇಲಧಿಕಾರಿಗೆ ಫೋನು ಮಾಡಿದೆ. “ನಿಮ್ಮ ವಿವೇಚನೆಗೆ ಬಿಟ್ಟಿದ್ದು,” ಎಂದರು. ಅಂದರೆ ಕೆಟ್ಟರೆ ನನ್ನ ತಲೆ, ಕೂಡಿಬಂದರೆ ಅವರ ಸಾಧನೆ. ಲೈನು ಕೊಡಲು ಒಂದು ಸ್ವಿಚ್ಚು ಸಾಕು. ಆದರೆ ಕತ್ತಲಾದ ಊರಿನಲ್ಲಿ ಯಾರೂ ಫ್ಯಾನು, ಮೋಟಾರು ಆರಿಸಿಟ್ಟಿರುವುದಿಲ್ಲ. ಕರೆಂಟು ಬಂದೊಡನೆ ಎಲ್ಲವೂ ಒಟ್ಟಿಗೆ ಬಾಯಿ ಹಾಕುತ್ತವೆ. ಆಚೆಮನೆ ಎಂದಿನಂತೆ ಹೆಚ್ಚು ಎಳೆದನೋ, ನಮ್ಮ ಮುಳ್ಳೂ ನೆಲ ಕಚ್ಚುತ್ತದೆ.

“ಕೊಟ್ರೆ ಏನಾಗುತ್ತೆ?” ಎಂದಿತು ಮೇಜಿನ ಮೇಲಿನ ಮೊಬೈಲು.

“ಅವನು ಹೇಳಿದಷ್ಟೇ ತಗೊಂಡ್ರೆ ನೀನು ಹೊರಗೆ ಬರ್ತೀಯಾ. ಹೆಚ್ಚು ಎಳೆದ್ರೆ ನಾವೂ ಬೀಳ್ತೀವಿ. ನಿನ್ನ ಸಾಕ್ಷಿನೂ ಹೋಗುತ್ತೆ, ನಿನ್ನ ಭಾನುವಾರನೂ ಹೋಗುತ್ತೆ.”

ಆ ಕಡೆ ಗರಗಸದ ಸದ್ದು ಜೋರಾಯಿತು. ಆಮೇಲೆ ಅಣ್ಣ, “ಕೊಡೇ,” ಎಂದ. “ಬಿದ್ರೆ ಬೀಳ್ಲಿ. ಇವರಿಗೇನಾದ್ರೂ ಆದ್ರೆ ನಾನು ಇನ್ಯಾರ ಜೊತೆ ವಾದ ಮಾಡ್ಲಿ?”

“ನಿನ್ನ ಅಪ್ಪಣೆಗೇನೂ ನಾನು ಕಾದು ಕೂತಿರ್ಲಿಲ್ಲ ಬಿಡು,” ಎಂದೆ. ಆದರೂ ಅವನ ಬಾಯಿಂದಲೇ ಆ ಮಾತು ಬಂದದ್ದು ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕೆಂಪು ಫೋನಿಗೆ ಹೇಳಿದೆ. “ಕೇಳೋ ಇಲ್ಲಿ. ಮೊದಲು ನಿನ್ನ ಯಂತ್ರ. ಆಮೇಲೆ ದೊಡ್ಡಾಸ್ಪತ್ರೆ. ಆಮೇಲೆ ಟಿವಿ ಕಟ್ಟಡದ ಬೀದಿ. ಇವತ್ತೊಂದಿನ ಹೇಳಿದಷ್ಟೇ ತಗೋ ಕಣೋ, ನಿನ್ನ ಕಾಲಿಗೆ ಬೀಳ್ತೀನಿ.”

“ಅಮ್ಮನಾಣೆ, ಅಕ್ಕಾ.”

ಟಿವಿ ಕಟ್ಟಡವೇ ಮೊದಲಾಗಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆಸ್ಪತ್ರೆಯಲ್ಲಿರುವವರಿಗೂ ತಂಗಿಯರಿರುತ್ತಾರೆ. ಸ್ವಿಚ್ಚು ಹಾಕಿದೆ. ಆಚೆಯ ಯಂತ್ರಕ್ಕೆ ಕರೆಂಟು ಹೋಯಿತು, ಮುಳ್ಳು ಒಮ್ಮೆ ಬೆಚ್ಚಿ ನಿಂತಿತು. ಆಸ್ಪತ್ರೆಯ ಬೀದಿಗೆ ಹೋಯಿತು, ಆಚೆಮನೆಯ ಕಚೇರಿಯೂ ಅದೇ ಬೀದಿಯಲ್ಲಿತ್ತು. ಮುಳ್ಳು ತುಸು ಬಾಗಿತು, ಅಣೆಕಟ್ಟಿನವರು ಇನ್ನೊಂದು ಯಂತ್ರಕ್ಕೆ ನೀರು ಬಿಟ್ಟರು, ಸರಿಹೋಯಿತು. ಟಿವಿ ಕಟ್ಟಡದ ಬೀದಿಗೆ ಹೋಯಿತು ನೋಡಿ, ಮುಳ್ಳು ಧಡಕ್ಕನೆ ಜಾರಿತು.

“ಕಡಿದುಬಿಡ್ಲಾ ಮೇಡಂ?” ಮೀಸೆಯ ಕೈ ಸ್ವಿಚ್ಚಿನ ಮೇಲಿತ್ತು. “ಇನ್ನು ಸ್ವಲ್ಪ ಇಳಿದ್ರೆ ನಾವೂ ಹೋಗ್ತೀವಿ!”

“ತಡಿ!”

ಏಕೆ ತಡೆದೆನೋ ನನಗೇ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ನಂಬದವನನ್ನು ಆ ಗಳಿಗೆಯಲ್ಲಿ ನಂಬಿದೆ. ನಾನು ಬಾಯಿ ತೆರೆಯುವ ಮೊದಲೇ ಕೆಂಪು ಫೋನು ಮಾತಾಡಿತು. “ಕಾಣ್ತಿದೆ ಅಕ್ಕಾ, ಜಾಸ್ತಿ ಎಳೀತಿದೆ. ಆಸ್ಪತ್ರೆ ಒಂದನ್ನ ಉಳಿಸಿ ನಮ್ಮ ಬೀದಿ ಎಲ್ಲ ಕಡಿದೆ. ನಮ್ಮ ಆಫೀಸೂ ಹೋಯ್ತು. ಬ್ಯಾಟರಿ ದೀಪದಲ್ಲಿ ಕೂತಿದ್ದೀವಿ.”

ಮುಳ್ಳು ನಿಂತಿತು. ಅಲ್ಲೇ ಒದ್ದಾಡಿತು. ಮೆಲ್ಲಗೆ ಏರತೊಡಗಿತು. ಅದು ಐವತ್ತನ್ನು ಮುಟ್ಟಿದ್ದನ್ನು ನಾನು ನೋಡಲಿಲ್ಲ, ಮೀಸೆ ಹೊಡೆದ ಶಿಳ್ಳೆಯಿಂದ ಗೊತ್ತಾಯಿತು. ನಾನು ಮೊಬೈಲನ್ನು ಕಿವಿಗೊತ್ತಿಕೊಂಡಿದ್ದೆ. ಗಡಗಡ ಸದ್ದಾಯಿತು. “ಬಂತು! ಬಂತು ಕಣೇ! ಮೇಲೆ ಹೋಗ್ತಿದೆ!” ಎಂದು ಅಣ್ಣ ಮಗುವಿನ ಹಾಗೆ ಕೂಗಿದ. ಬಾಗಿಲು ತೆರೆಯಿತು, ಜನರ ಗದ್ದಲ, ಯಾರೋ ಇನ್‌ಹೇಲರ್ ತರಲು ಓಡಿದರು. ನಾನು ಫೋನಿಡದೆ ಕಾದೆ. ಬಹಳ ಹೊತ್ತಿನ ಮೇಲೆ ಒಂದು ಮುದಿ ದನಿ ಕೇಳಿಸಿತು.

“ವಕೀಲರೇ, ನಿಮ್ಮ ತಂಗಿಗೆ ಹೇಳಿ. ನಿಮ್ಮ ರಾಜ್ಯ ಒಂಟಿಯಾಗಿ ನಿಲ್ಲುತ್ತೆ, ಒಪ್ಪಿದೆ. ಆದ್ರೆ ಬಾಗಿಲು ಮಾತ್ರ ಇಲ್ಲ!”

“ಇದೆ ಸಾರ್!”

“ಇಲ್ಲಾ ರೀ!”

ಇನ್ನು ಭಯವಿಲ್ಲವೆಂದು ಫೋನಿಟ್ಟೆ.

ಸಂಜೆಯ ಹೊತ್ತಿಗೆ ಆಚೆಮನೆಯ ಯಂತ್ರಗಳು ಎದ್ದವು. ಅವನು ತನ್ನಾಚೆಯವರಿಗೆ ಕೊಟ್ಟ, ಅವರು ತಮ್ಮಾಚೆಯವರಿಗೆ ಕೊಟ್ಟರು. ಬೆಳಕು ಊರಿಂದೂರಿಗೆ ನಡೆದುಹೋದದ್ದನ್ನು ನಾವು ಗೋಡೆಯ ನಕ್ಷೆಯ ಮೇಲೆ ಒಂದೊಂದೇ ದೀಪವಾಗಿ ನೋಡಿದೆವು. ಕೊಠಡಿಯ ಟಿವಿಯಲ್ಲಿ ಅಣ್ಣನೂ ಜಡ್ಜೂ ಬಂದು ಕೂತರು. “ನಿಂತಿದ್ದಕ್ಕೇ ಕೊಡೋಕಾಯ್ತು. ನಾವು ದೇಶವಾಗಬಹುದು ಅನ್ನೋದಕ್ಕೆ ಇದೇ ಸಾಕ್ಷಿ,” ಎಂದ ಅಣ್ಣ. “ಕೊಟ್ರಲ್ಲ, ಅದಕ್ಕೇ ಒಕ್ಕೂಟ ಅನ್ನೋದು,” ಎಂದರು ಜಡ್ಜು. ಬೆವರು ಸುರಿಸಿದವಳು ನಾನು, ಸಾಕ್ಷಿ ಮಾತ್ರ ಇಬ್ಬರದೂ! ಕಾರ್ಯಕ್ರಮ ಮುಗಿದು ಏಳುವಾಗ ಅಣ್ಣ ಮಾತು ನಿಲ್ಲಿಸದೆಯೇ ಮುದುಕರ ಮೊಣಕೈ ಹಿಡಿದುಕೊಂಡ. ಇಬ್ಬರೂ ಲಿಫ್ಟನ್ನು ಬಿಟ್ಟು ಮೆಟ್ಟಿಲ ಕಡೆ ಹೋದರು.

ಅಮ್ಮನ ಫೋನು ಬಂತು. “ರಾಜಧಾನಿಗೆಲ್ಲ ಬೆಳಕು ಕೊಟ್ಟೆಯಂತೆ ಮಗಳೇ. ಇಲ್ಲಿ ನಿನ್ನ ಹೆತ್ತೋಳು ಮೇಣದಬತ್ತಿ ಹುಡುಕ್ತಿದ್ದಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ!”

ಅಯ್ಯೋ ದೇವರೇ! ನಮ್ಮ ಬೀದಿಯನ್ನು ಕಡಿದದ್ದು ಗದ್ದಲದಲ್ಲಿ ಮರೆತೇಹೋಗಿತ್ತು. ಮೀಸೆ ನಗುತ್ತ ಸ್ವಿಚ್ಚು ಹಾಕಿದ.

ಪಾಳಿ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡಾಗ ಕೆಂಪು ಫೋನು ಕೂಗಿತು.

“ಅಕ್ಕಾ,” ಎಂದ ಆಚೆಮನೆ. “ಭಾನುವಾರ ಏನಾದ್ರೂ ಆಗ್ಲಿ...”

“ಏನಾದ್ರೂ ಆಗ್ಲಿ. ಈ ಫೋನು ಕೀಳೋಕೆ ಬಂದೋನ ಕೈ ಮುರೀತೀನಿ. ತಿಳೀತಾ?”

ಆ ಕಡೆ ಮೂಗು ಸೊರ್ರೆಂದ ಸದ್ದಾಯಿತು. ನಾನು ದನಿ ಏರಿಸಿದೆ. “ಅಳಬೇಡ್ವೋ! ಎಷ್ಟು ಎಳೀತಿದ್ದೀಯಾ ಈಗ?”

“ಹೇಳಿದಷ್ಟೇ ಅಕ್ಕಾ.”

ಗೋಡೆ ನೋಡಿದೆ. ಭಂಡ, ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಎಳೆಯುತ್ತಿದ್ದ. ಸಹಿಸಿಕೊಂಡೆ.